ನಿಧಾನವಾಗಿದ್ದು ಡೇಟಾಬೇಸೋ, ಸರತಿಯೋ? ಲೋಡ್ ಟೆಸ್ಟ್ ಕನೆಕ್ಷನ್ ದೋಷ ಹುಡುಕುವ ಬಗೆ

ಲೋಡ್ ಟೆಸ್ಟ್ ಓಡಿಸುತ್ತೀರಿ, ಅಂದರೆ ಬಹಳ ಬಳಕೆದಾರರು ಒಟ್ಟಿಗೆ ಬಂದಂತೆ ನಟಿಸಿ ವ್ಯವಸ್ಥೆ ಎಷ್ಟು ತಡೆಯುತ್ತದೆ ಅಂತ ನೋಡುತ್ತೀರಿ. ಒಂದೊಂದು ಕ್ವೆರಿಗೂ (ಡೇಟಾಬೇಸಿಗೆ ಕೇಳುವ ಪ್ರಶ್ನೆಗೂ) 800 ಮಿಲಿಸೆಕೆಂಡ್ ಆಯಿತು ಅಂತ ಈ ಟೆಸ್ಟ್ ಓಡಿಸುವ ಸಾಧನ ಜೆಮೀಟರ್ ತೋರಿಸುತ್ತದೆ. ಡೇಟಾಬೇಸ್ ನೋಡಿಕೊಳ್ಳುವವರು ತಮ್ಮ ಪರದೆ ತಿರುಗಿಸಿ, ‘ನಮ್ಮ ಕಡೆ 40 ಮಿಲಿಸೆಕೆಂಡಿಗೆ ಮುಗಿದಿದೆ, ನೋಡಿ’ ಅನ್ನುತ್ತಾರೆ. ಸರ್ವರಿನ ಸಿಪಿಯು ಆರಾಮಾಗಿದೆ. ಈಗ ಯಾರ ಮಾತು ನಂಬುವುದು?

ಇಬ್ಬರ ಮಾತೂ ನಿಜ. ಕ್ವೆರಿ ಓಡಿದ್ದು 40 ಮಿಲಿಸೆಕೆಂಡೇ. ಉಳಿದ 760 ಮಿಲಿಸೆಕೆಂಡ್ ಅದು ಕನೆಕ್ಷನ್ನಿಗಾಗಿ ಕಾಯುತ್ತಾ ನಿಂತಿತ್ತು. ಆ ಕಾಯುವಿಕೆ ಡೇಟಾಬೇಸಿಗೆ ಗೊತ್ತೇ ಇರುವುದಿಲ್ಲ, ಏಕೆಂದರೆ ಕ್ವೆರಿ ಇನ್ನೂ ಅದರ ಬಾಗಿಲಿಗೇ ಬಂದಿಲ್ಲ.

ಇದು ಗೊತ್ತಿಲ್ಲದೆ ನಾನು ಒಮ್ಮೆ ಎರಡು ದಿನ ಹಾಳು ಮಾಡಿದ್ದೇನೆ. ಕ್ವೆರಿ ನಿಧಾನ ಅಂದುಕೊಂಡು ಹುಡುಕಾಟ ಬೇಗ ಮಾಡಿಸುವ ಇಂಡೆಕ್ಸ್ ಮೇಲೆ ಇಂಡೆಕ್ಸ್ ಹಾಕಿದೆ. ಅಂಕಿ ಅಲ್ಲಾಡಲಿಲ್ಲ. ಆಮೇಲೆ ನೋಡಿದರೆ ಟೆಸ್ಟಿನಲ್ಲಿ 200 ಥ್ರೆಡ್ (ಬಳಕೆದಾರರಂತೆ ನಟಿಸುವವು) ಇದ್ದವು, ಪೂಲಿನಲ್ಲಿ, ಅಂದರೆ ತೆರೆದಿಟ್ಟು ಹಂಚಿಕೊಳ್ಳುವ ಕನೆಕ್ಷನ್‌ಗಳ ಗುಂಪಿನಲ್ಲಿ, 10 ಕನೆಕ್ಷನ್. 10 ಜನ ಒಳಗೆ, 190 ಜನ ಹೊರಗೆ ಸರತಿಯಲ್ಲಿ. ನಾನು ಅಳೆಯುತ್ತಿದ್ದದ್ದು ಆ ಸರತಿಯ ಉದ್ದವನ್ನು.

ಆದ್ದರಿಂದ ಈ ಬರಹದಲ್ಲಿ ಕ್ವೆರಿ ಪ್ಲಾನ್ (ಡೇಟಾಬೇಸ್ ಕ್ವೆರಿಯನ್ನು ಓಡಿಸುವ ಯೋಜನೆ), ಇಂಡೆಕ್ಸ್ ಇತ್ಯಾದಿ ಏನೂ ಇಲ್ಲ. ಅಲ್ಲಿಗೆ ಹೋಗುವ ಮೊದಲು ಕನೆಕ್ಷನ್ನಿನ ಕಡೆಯ ದೋಷಗಳನ್ನು ತೆಗೆದುಹಾಕುವುದು ಹೇಗೆ ಅನ್ನುವುದಷ್ಟೇ ವಿಷಯ.

ಮೊದಲು ಮೂರು ಅಂಕಿ ಬರೆದುಕೊಳ್ಳಿ

ಟೆಸ್ಟಿನಲ್ಲಿ ಒಂದೇ ಹೊತ್ತಿಗೆ ಎಷ್ಟು ಥ್ರೆಡ್ ಓಡುತ್ತವೆ? ಪೂಲಿನಲ್ಲಿ ಹೆಚ್ಚೆಂದರೆ ಎಷ್ಟು ಕನೆಕ್ಷನ್? ಡೇಟಾಬೇಸ್ ಒಟ್ಟು ಎಷ್ಟು ಕನೆಕ್ಷನ್ನಿಗೆ ಒಪ್ಪುತ್ತದೆ? ಈ ಮೂರನ್ನೂ ಕಾಗದದ ಮೇಲೆ ಪಕ್ಕಪಕ್ಕ ಬರೆಯಿರಿ. ಅರ್ಧದಷ್ಟು ದೋಷಗಳು ಅಲ್ಲೇ ಕಣ್ಣಿಗೆ ಬೀಳುತ್ತವೆ.

ಜೆಮೀಟರ್ ನೇರವಾಗಿ ಡೇಟಾಬೇಸಿಗೆ ಹೋಗುತ್ತಿದ್ದರೆ ಪೂಲ್ ಜೆಮೀಟರಿನ ಒಳಗೇ ಇರುತ್ತದೆ. ನಡುವೆ ಅಪ್ಲಿಕೇಶನ್ ಇದ್ದರೆ ಪೂಲ್ ಅಲ್ಲಿರುತ್ತದೆ. ಅಪ್ಲಿಕೇಶನ್ನಿನ ನಾಲ್ಕು ಪ್ರತಿ ಓಡುತ್ತಿದ್ದರೆ ಪೂಲಿನ ಅಂಕಿಯನ್ನೂ ನಾಲ್ಕರಿಂದ ಗುಣಿಸಬೇಕು. ಈ ಗುಣಾಕಾರವನ್ನು ಮರೆಯುವವರೇ ಜಾಸ್ತಿ.

ಈಗ ಲೆಕ್ಕ. ಒಂದು ಕ್ವೆರಿಗೆ 40 ಮಿಲಿಸೆಕೆಂಡ್ ಬೇಕು ಅಂದರೆ ಒಂದು ಕನೆಕ್ಷನ್ ಸೆಕೆಂಡಿಗೆ 25 ಕ್ವೆರಿ ಮುಗಿಸುತ್ತದೆ. 10 ಕನೆಕ್ಷನ್ ಇದ್ದರೆ 250. ನೀವು ಎಷ್ಟೇ ಥ್ರೆಡ್ ಸೇರಿಸಿ, 250ರ ಮೇಲೆ ಹೋಗುವುದಿಲ್ಲ. ಇನ್ನು 200 ಥ್ರೆಡ್ ಬಿಡುವಿಲ್ಲದೆ ಕೇಳುತ್ತಿದ್ದರೆ ಒಬ್ಬೊಬ್ಬರಿಗೂ ಸಿಗುವ ಉತ್ತರದ ಸಮಯ 200 ಭಾಗಿಸು 250, ಅಂದರೆ 0.8 ಸೆಕೆಂಡ್. ಮೇಲೆ ಹೇಳಿದ 800 ಮಿಲಿಸೆಕೆಂಡ್ ಬಂದಿದ್ದು ಇಲ್ಲಿಂದಲೇ. ಒಳಗಿರುವವರ ಸಂಖ್ಯೆ ಅಂದರೆ ಬರುವ ವೇಗ ಗುಣಿಸು ಒಳಗಿರುವ ಸಮಯ, ಇಷ್ಟೇ ಸೂತ್ರ. ಜಾನ್ ಲಿಟಲ್ 1961ರಲ್ಲಿ ಇದಕ್ಕೆ ಪುರಾವೆ ಕೊಟ್ಟರು, ಹಾಗಾಗಿ ಲಿಟಲ್ ನಿಯಮ ಅನ್ನುತ್ತಾರೆ. ಲೋಡ್ ಟೆಸ್ಟ್ ಮಾಡುವವರಿಗೆ ಇದಕ್ಕಿಂತ ಉಪಯೋಗದ ಸೂತ್ರ ನನಗಂತೂ ಸಿಕ್ಕಿಲ್ಲ.

ಈ ಲೆಕ್ಕಕ್ಕೆ ಬೇಕಾದ 40 ಮಿಲಿಸೆಕೆಂಡನ್ನು ಎಲ್ಲಿಂದ ತರುವುದು? ಒಂದೇ ಥ್ರೆಡ್ ಇಟ್ಟು ಟೆಸ್ಟ್ ಓಡಿಸಿ. ಸರತಿಯೇ ಇಲ್ಲದಾಗ ಸಿಗುವ ಸಮಯ ಅದು. ಬೇಜಾರಿನ ಕೆಲಸ, ಐದು ನಿಮಿಷ ಹಿಡಿಯುತ್ತದೆ, ಆದರೆ ಆಮೇಲಿನ ಪ್ರತಿ ಅಂಕಿಯನ್ನೂ ಇದರ ಜೊತೆ ಹೋಲಿಸಬೇಕು.

ಕನೆಕ್ಷನ್ನೇ ಆಗುತ್ತಿಲ್ಲ ಅಂದರೆ

ಇದನ್ನು ಬೇಗ ಮುಗಿಸೋಣ. ತಪ್ಪು ಸಂದೇಶ ಸರಿಯಾಗಿ ಓದಿದರೆ ಸಾಕು, ಉತ್ತರ ಅದರಲ್ಲೇ ಇರುತ್ತದೆ.

ಡ್ರೈವರ್ (ಡೇಟಾಬೇಸಿನ ಜೊತೆ ಮಾತಾಡಿಸುವ ಕೊಂಡಿ) ಕ್ಲಾಸ್ ಲೋಡ್ ಆಗಲಿಲ್ಲ ಅಂತ ಬಂದರೆ ಅದರ ಜಾರ್ ಫೈಲ್ ಇಲ್ಲ ಅಂತ ಅರ್ಥ. ಅದನ್ನು ಜೆಮೀಟರಿನ ಲಿಬ್ ಫೋಲ್ಡರಿಗೆ ಹಾಕಿ, ಜೆಮೀಟರ್ ಮುಚ್ಚಿ ಮತ್ತೆ ತೆರೆಯಿರಿ. ಫೈಲ್ ಹಾಕಿ ಹಾಗೇ ಓಡಿಸಿದರೆ ಅದು ಕಾಣಿಸುವುದಿಲ್ಲ. ‘ನೋ ಸೂಟಬಲ್ ಡ್ರೈವರ್’ ಅಂದರೆ ಬೇರೆ ಕಥೆ: ಯುಆರ್‌ಎಲ್‌ನ ಶುರುವಿನ ಭಾಗ ಯಾವ ಡ್ರೈವರಿಗೂ ಹೊಂದುತ್ತಿಲ್ಲ. ಬಹುಪಾಲು ಅಕ್ಷರದ ತಪ್ಪು, ಇಲ್ಲವೇ ಬಿಟ್ಟುಹೋದ ಕೋಲನ್. ‘ನೋ ಪೂಲ್ ಫೌಂಡ್’ ಅಂದರೆ ಕನೆಕ್ಷನ್ ಕಾನ್ಫಿಗರೇಶನ್ನಿನಲ್ಲಿ ಕೊಟ್ಟ ವೇರಿಯಬಲ್ ಹೆಸರೂ ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ತಲುಪುವ ಪದ್ಧತಿ) ರಿಕ್ವೆಸ್ಟಿನಲ್ಲಿ ಕೊಟ್ಟ ಹೆಸರೂ ಒಂದೇ ಆಗಿಲ್ಲ. ಹೆಸರಿನ ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಹೀಗೇ ಆಗುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ.

ಒರಾಕಲ್ ಡೇಟಾಬೇಸಿನಲ್ಲಿ 12505 ಅನ್ನುವ ದೋಷ ಬಂದರೆ ನೀವು ಕೊಟ್ಟ ಎಸ್‌ಐಡಿ (ಡೇಟಾಬೇಸಿನ ಒಂದು ಗುರುತಿನ ಹೆಸರು) ಲಿಸನರಿಗೆ, ಅಂದರೆ ಬಾಗಿಲಲ್ಲಿ ಕೂತು ಕನೆಕ್ಷನ್ ಬರಮಾಡಿಕೊಳ್ಳುವ ಪ್ರೋಗ್ರಾಮಿಗೆ, ಗೊತ್ತಿಲ್ಲ. 12514 ಬಂದರೆ ಸರ್ವಿಸ್ ಹೆಸರು ಗೊತ್ತಿಲ್ಲ. ಎಷ್ಟೋ ಸಲ ಹೆಸರು ಸರಿಯಾಗೇ ಇರುತ್ತದೆ. ಸರ್ವಿಸ್ ಹೆಸರನ್ನು ಎಸ್‌ಐಡಿ ಬರೆಯುವ ರೀತಿಯಲ್ಲಿ, ಅಂದರೆ ಓರೆಗೆರೆಯ ಬದಲು ಕೋಲನ್ ಹಾಕಿ ಬರೆದಿರುತ್ತೇವೆ. ಮೈಎಸ್‌ಕ್ಯುಎಲ್ 8ರಲ್ಲಿ ‘ಪಬ್ಲಿಕ್ ಕೀ ರಿಟ್ರೀವಲ್’ ಒಪ್ಪಿಲ್ಲ ಅಂತ ಬಂದರೆ ಅದು ಹೊಸ ಪಾಸ್‌ವರ್ಡ್ ಪದ್ಧತಿಯ ಕಾಟ. ಟಿಎಲ್‌ಎಸ್ (ಕನೆಕ್ಷನ್ನಿನ ಎನ್‌ಕ್ರಿಪ್ಶನ್) ಹಾಕಿದರೆ ಹೋಗುತ್ತದೆ. ಎಸ್‌ಕ್ಯುಎಲ್ ಸರ್ವರಿನ ಜೆಡಿಬಿಸಿ ಡ್ರೈವರ್ 10.2 ಆವೃತ್ತಿಯಿಂದ ಎನ್‌ಕ್ರಿಪ್ಶನ್ನನ್ನು ತಾನಾಗಿಯೇ ಆನ್ ಇಡುತ್ತದೆ. ನಿನ್ನೆವರೆಗೆ ಓಡಿದ ಟೆಸ್ಟ್ ಡ್ರೈವರ್ ಬದಲಿಸಿದ ಮೇಲೆ ಸರ್ಟಿಫಿಕೇಟ್ ಬಗ್ಗೆ ಗೊಣಗಿದರೆ ಕಾರಣ ಇದೇ.

ಕನೆಕ್ಷನ್ ಆಗುತ್ತಿದೆ, ಆದರೆ ನಿಧಾನ

ನಿಜವಾದ ಕೆಲಸ ಇಲ್ಲಿಂದ ಶುರು.

ಜೆಮೀಟರಿನ ಜೆಡಿಬಿಸಿ ಕನೆಕ್ಷನ್ ಕಾನ್ಫಿಗರೇಶನ್ ತೆರೆದು ‘ಮ್ಯಾಕ್ಸ್ ನಂಬರ್ ಆಫ್ ಕನೆಕ್ಷನ್ಸ್’ ನೋಡಿ. ಅಲ್ಲಿ 0 ಇದ್ದರೆ ಮಿತಿ ಇಲ್ಲ ಅಂತ ಅಲ್ಲ. ಪ್ರತಿ ಥ್ರೆಡ್ಡಿಗೂ ಅದರದ್ದೇ ಒಂದು ಪೂಲ್, ಅದರಲ್ಲಿ ಒಂದೇ ಕನೆಕ್ಷನ್ ಅಂತ ಅರ್ಥ. ಆಗ ಯಾರೂ ಯಾರಿಗೂ ಕಾಯುವುದಿಲ್ಲ. ಡೇಟಾಬೇಸಿನ ವೇಗವನ್ನೇ ಅಳೆಯಬೇಕು ಅಂತಿದ್ದರೆ ಇದೇ ಸರಿ. ಅಲ್ಲಿ 10 ಅಂತ ಇದ್ದರೆ ಎಲ್ಲ ಥ್ರೆಡ್ಡುಗಳೂ ಆ ಹತ್ತನ್ನೇ ಹಂಚಿಕೊಳ್ಳುತ್ತವೆ. ಒಬ್ಬರಿಂದ ಒಬ್ಬರಿಗೆ ಕೈ ಬದಲಿಸುತ್ತಾ ಬಂದ ಹಳೆಯ ಟೆಸ್ಟ್ ಪ್ಲಾನ್‌ಗಳಲ್ಲಿ ಈ 10 ಸುಮ್ನೆ ಕೂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಯಾರು ಇಟ್ಟರು, ಯಾಕೆ ಇಟ್ಟರು, ಯಾರಿಗೂ ಗೊತ್ತಿರುವುದಿಲ್ಲ.

ಅಪ್ಲಿಕೇಶನ್ ಹೇಗೆ ನಡೆದುಕೊಳ್ಳುತ್ತದೋ ಹಾಗೆಯೇ ಅಳೆಯಬೇಕು ಅಂತಿದ್ದರೆ ಮಾತ್ರ ಇಲ್ಲಿ ಅಂಕಿ ಕೊಡಿ, ಅದೂ ಅಪ್ಲಿಕೇಶನ್ನಿನ ಪೂಲಿನಲ್ಲಿರುವ ಅಂಕಿಯನ್ನೇ. ಆಗ ಬರುವ ಫಲಿತಾಂಶವನ್ನು ‘ಡೇಟಾಬೇಸಿನ ವೇಗ’ ಅಂತ ವರದಿಯಲ್ಲಿ ಬರೆಯಬೇಡಿ.

ಕಾದ ಸಮಯ ಎಷ್ಟು, ಓಡಿದ ಸಮಯ ಎಷ್ಟು ಅಂತ ಬೇರೆ ಮಾಡುವುದು ಹೇಗೆ? ಜೆಮೀಟರ್ ಬರೆಯುವ ಫಲಿತಾಂಶದ ಫೈಲಿನಲ್ಲಿ ಕೊನೆಯ ಕಾಲಮ್ಮಿಗೆ ‘ಕನೆಕ್ಟ್’ ಅಂತ ಹೆಸರಿದೆ. ಜೆಡಿಬಿಸಿ ರಿಕ್ವೆಸ್ಟಿನ ಮಟ್ಟಿಗೆ ಅದು ಪೂಲಿನಿಂದ ಕನೆಕ್ಷನ್ ಕೈಗೆ ಸಿಗುವವರೆಗಿನ ಸಮಯ. ‘ಎಲಾಪ್ಸ್ಡ್’ ಕಾಲಮ್ಮಿನಲ್ಲಿರುವ ಒಟ್ಟು ಸಮಯದಲ್ಲಿ ಇದೂ ಸೇರಿಕೊಂಡಿರುತ್ತದೆ. ಒಂದರಿಂದ ಒಂದನ್ನು ಕಳೆಯಿರಿ. 800ರಲ್ಲಿ 760 ಕನೆಕ್ಟ್ ಅಂತ ಬಂದರೆ ಡೇಟಾಬೇಸಿನವರನ್ನು ಕರೆಯುವ ಅಗತ್ಯವೇ ಇಲ್ಲ. ಎಲ್ಲರೂ ನೋಡುವ ಸಮ್ಮರಿ ರಿಪೋರ್ಟಿನಲ್ಲಿ ಈ ಕಾಲಮ್ ಕಾಣಿಸುವುದಿಲ್ಲ. ಅದಕ್ಕೇ ಇದು ತಪ್ಪಿಸಿಕೊಳ್ಳುತ್ತದೆ.

ಒಂದು ಎಚ್ಚರ: ಎಚ್‌ಟಿಟಿಪಿ ಮೂಲಕ ಅಪ್ಲಿಕೇಶನ್ನನ್ನು ಟೆಸ್ಟ್ ಮಾಡುವಾಗ ಅದೇ ಕಾಲಮ್ ವೆಬ್ ಸರ್ವರಿಗೆ ಸಂಪರ್ಕ ಆಗುವ ಸಮಯ. ಡೇಟಾಬೇಸ್ ಪೂಲಿಗೂ ಅದಕ್ಕೂ ಸಂಬಂಧವಿಲ್ಲ. ಅಲ್ಲಿ ಪೂಲಿನ ಅಂಕಿಗಳನ್ನು ಅಪ್ಲಿಕೇಶನ್ನಿನಿಂದಲೇ ತೆಗೆಯಬೇಕು. ಜಾವಾ ಅಪ್ಲಿಕೇಶನ್ನುಗಳು ಬಳಸುವ ಹಿಕಾರಿ ಪೂಲಿನಲ್ಲಾದರೆ ಆಕ್ಟಿವ್, ಐಡಲ್, ಪೆಂಡಿಂಗ್ ಅಂತ ಮೂರು ಅಂಕಿ ಸಿಗುತ್ತವೆ. ಮೊದಲು ನೋಡಬೇಕಾದದ್ದು ಪೆಂಡಿಂಗ್. ಅದು ಸೊನ್ನೆ ಬಿಟ್ಟು ಮೇಲೆದ್ದು ಅಲ್ಲೇ ನಿಂತರೆ ಹೊರಗೆ ಸರತಿ ಇದೆ. ಹಿಕಾರಿಯಲ್ಲಿ ನೀವು ಏನೂ ಹೇಳದಿದ್ದರೆ ಪೂಲಿನ ಗಾತ್ರ 10.

ಟೆಸ್ಟಿನ ಮೊದಲ ನಿಮಿಷದ ಅಂಕಿಗಳನ್ನೂ ನಂಬಬೇಡಿ. ಹೊಸ ಕನೆಕ್ಷನ್ ಅಂದರೆ ಟಿಸಿಪಿ, ಟಿಎಲ್‌ಎಸ್, ಲಾಗಿನ್, ಜೊತೆಗೆ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಾದರೆ ಸರ್ವರಿನಲ್ಲಿ ಒಂದು ಹೊಸ ಪ್ರೋಸೆಸ್. ಇಷ್ಟೆಲ್ಲ ಮೊದಲ ಕ್ವೆರಿಯ ಲೆಕ್ಕಕ್ಕೇ ಬೀಳುತ್ತದೆ. ಆ ನಿಮಿಷವನ್ನು ಕತ್ತರಿಸಿ ಬಿಸಾಡಿ. ಹಾಗೆಯೇ, ನಿಜವಾದ ಟೆಸ್ಟನ್ನು ಪರದೆಯಿಲ್ಲದ ಕಮಾಂಡ್ ಲೈನ್ ರೀತಿಯಲ್ಲೇ ಓಡಿಸಿ. ‘ವ್ಯೂ ರಿಸಲ್ಟ್ಸ್ ಟ್ರೀ’ ತೆರೆದಿಟ್ಟು 200 ಥ್ರೆಡ್ ಓಡಿಸಿದರೆ ಜೆಮೀಟರಿಗೇ ಉಸಿರು ಕಟ್ಟುತ್ತದೆ. ಆಗ ಅದರ ನಿಧಾನವನ್ನೂ ಡೇಟಾಬೇಸಿನ ತಲೆಗೆ ಕಟ್ಟುತ್ತೀರಿ.

ಡೇಟಾಬೇಸಿನ ಒಳಗೆ ಇಣುಕಿ

ಟೆಸ್ಟ್ ಓಡುತ್ತಿರುವಾಗಲೇ ಇದನ್ನು ಮಾಡಬೇಕು, ಮುಗಿದ ಮೇಲೆ ಏನೂ ಉಳಿದಿರುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ಅನ್ನುವ ನೋಟ ಇದೆ. ಅದರಲ್ಲಿ ಪ್ರತಿ ಕನೆಕ್ಷನ್ನಿಗೂ ಒಂದು ಸಾಲು. ಅದರ ‘ಸ್ಟೇಟ್’ ಕಾಲಮ್ಮಿನ ಪ್ರಕಾರ ಗುಂಪು ಮಾಡಿ ಎಣಿಸಿ, ಜೊತೆಗೆ ‘ವೇಟ್ ಈವೆಂಟ್ ಟೈಪ್’ ಕೂಡ ತೆಗೆಯಿರಿ. ಮೈಎಸ್‌ಕ್ಯುಎಲ್‌ನಲ್ಲಿ ‘ಥ್ರೆಡ್ಸ್ ಕನೆಕ್ಟೆಡ್’ ಮತ್ತು ‘ಥ್ರೆಡ್ಸ್ ರನ್ನಿಂಗ್’ ಅನ್ನುವ ಎರಡು ಅಂಕಿ ಸಾಕು. ಮೊದಲನೆಯದು ಬಂದು ಕೂತವರು, ಎರಡನೆಯದು ಕೆಲಸ ಮಾಡುತ್ತಿರುವವರು.

ಕೆಲಸ ಮಾಡುತ್ತಿರುವವರ ಸಂಖ್ಯೆ ಸರಿಯಾಗಿ ಪೂಲಿನ ಗಾತ್ರಕ್ಕೇ ಅಂಟಿಕೊಂಡಿದ್ದು, ಯಾರೂ ಲಾಕಿಗೆ ಕಾಯದೆ, ಸಿಪಿಯು ಖಾಲಿ ಇದ್ದರೆ ಪೂಲ್ ಚಿಕ್ಕದು. ಇನ್ನೇನೂ ಹುಡುಕಬೇಡಿ.

ಎಲ್ಲರೂ ಆಕ್ಟಿವ್ ಅಂತಿದ್ದು ಬಹಳ ಜನ ‘ಲಾಕ್’ ಅಂತ ಕಾಯುತ್ತಿದ್ದರೆ ಟೇಬಲ್ಲಿನ ಒಂದೇ ಸಾಲಿಗಾಗಿ ಕಿತ್ತಾಡುತ್ತಿದ್ದಾರೆ. ಇಲ್ಲಿ ಮೊದಲು ಅನುಮಾನಿಸಬೇಕಾದದ್ದು ನಿಮ್ಮದೇ ಟೆಸ್ಟ್ ಡೇಟಾವನ್ನು. ಸಿಎಸ್‌ವಿ ಫೈಲಿನಲ್ಲಿ ಐದೇ ಐದು ಗ್ರಾಹಕರ ಐಡಿ ಹಾಕಿ 200 ಥ್ರೆಡ್ ಬಿಟ್ಟರೆ 200 ಜನ ಆ ಐದು ಸಾಲುಗಳನ್ನು ಅಪ್‌ಡೇಟ್ ಮಾಡಲು ನಿಲ್ಲುತ್ತಾರೆ. ನಿಜ ಬಳಕೆಯಲ್ಲಿ ಹಾಗಾಗುವುದಿಲ್ಲ, ಅಲ್ವಾ? ಇದರ ಉಲ್ಟಾ ದೋಷವೂ ಇದೆ. ಅದೇ ಐದು ಐಡಿಗಳನ್ನು ಬರೀ ಓದುತ್ತಿದ್ದರೆ ಎಲ್ಲವೂ ಮೆಮೊರಿಯಲ್ಲೇ ಸಿಕ್ಕಿ ಟೆಸ್ಟ್ ಅದ್ಭುತವಾಗಿ ಓಡುತ್ತದೆ. ಆ ಅಂಕಿಯೂ ಸುಳ್ಳು. ಆದರೆ ಅದರ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಹಾಗಾಗಿ ಅದು ವರದಿಯಲ್ಲಿ ಹಾಗೇ ಉಳಿಯುತ್ತದೆ.

‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಬಹಳ ಸಾಲುಗಳಿದ್ದರೆ ಯಾರೋ ಟ್ರಾನ್ಸಾಕ್ಷನ್ (ಒಟ್ಟಾಗಿಯೇ ಮುಗಿಯಬೇಕಾದ ಕೆಲಸಗಳ ಕಟ್ಟು) ತೆರೆದು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಕನೆಕ್ಷನ್ ಅವರ ಕೈಯಲ್ಲೇ ಇದೆ, ಡೇಟಾಬೇಸಿಗೆ ಮಾತ್ರ ಕೆಲಸವಿಲ್ಲ. ಸಾಮಾನ್ಯವಾಗಿ ಅಪ್ಲಿಕೇಶನ್ ಟ್ರಾನ್ಸಾಕ್ಷನ್ನಿನ ನಡುವೆ ಹೊರಗಿನ ಯಾವುದೋ ಸೇವೆಯನ್ನು ಕರೆದು ಉತ್ತರಕ್ಕೆ ಕಾಯುತ್ತಿರುತ್ತದೆ. ಪೂಲ್ ದೊಡ್ಡದು ಮಾಡಿದರೆ ಇದು ಸ್ವಲ್ಪ ದಿನ ಮುಚ್ಚಿಹೋಗುತ್ತದೆ ಅಷ್ಟೇ. ಆ ಕರೆಯನ್ನೇ ಟ್ರಾನ್ಸಾಕ್ಷನ್ನಿನ ಹೊರಗೆ ತರಬೇಕು. ಪೋಸ್ಟ್‌ಗ್ರೆಸ್ 9.6ರಿಂದ ಇಂಥವರನ್ನು ಇಂತಿಷ್ಟು ಹೊತ್ತಾದ ಮೇಲೆ ಹೊರಹಾಕುವ ಟೈಮ್‌ಔಟ್ ಸೆಟ್ಟಿಂಗ್ ಬಂದಿದೆ. ಟೆಸ್ಟ್ ಸರ್ವರಿನಲ್ಲಿ ಅದನ್ನು ಕಟುವಾಗಿಯೇ ಇಡಿ. ತಪ್ಪು ಮಾಡಿದ ಕೋಡ್ ತಾನಾಗಿ ಬೊಬ್ಬೆ ಹಾಕುತ್ತದೆ.

ಎಲ್ಲರೂ ಆಕ್ಟಿವ್, ಯಾರೂ ಯಾವುದಕ್ಕೂ ಕಾಯುತ್ತಿಲ್ಲ, ಸಿಪಿಯು ತುಂಬಿದೆ. ಆಗ ಮಾತ್ರ ಕ್ವೆರಿ ಪ್ಲಾನ್ ತೆರೆಯಿರಿ. ನಾನು ಎರಡು ದಿನ ಮುಂಚೆಯೇ ತೆರೆದಿದ್ದೆ.

ಗ್ರಾಫಿನ ಆಕಾರ ಮತ್ತು ದುಂಡು ಅಂಕಿ

ಪೂಲ್ ಚಿಕ್ಕದಾದರೆ ಮತ್ತು ಪೂಲ್ ಸೋರುತ್ತಿದ್ದರೆ ಕೊನೆಗೆ ಬರುವ ತಪ್ಪು ಸಂದೇಶ ಒಂದೇ: ಕನೆಕ್ಷನ್ ಸಿಗಲಿಲ್ಲ. ಗ್ರಾಫ್ ಮಾತ್ರ ಬೇರೆ ಬೇರೆ. ಚಿಕ್ಕ ಪೂಲಿನಲ್ಲಿ ಥ್ರೋಪುಟ್ (ಸೆಕೆಂಡಿಗೆ ಮುಗಿಯುವ ಕ್ವೆರಿಗಳು) ಮೊದಲಿಂದಲೇ ಒಂದು ಎತ್ತರಕ್ಕೆ ಹೋಗಿ ಸಮತಟ್ಟಾಗಿ ನಿಲ್ಲುತ್ತದೆ. ಸೋರುವ ಪೂಲಿನಲ್ಲಿ ಎಲ್ಲ ಚೆನ್ನಾಗಿ ಓಡುತ್ತಾ ಹೋಗಿ, ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಒಂದು ಹೊತ್ತಿನಲ್ಲಿ ಪೂರ್ತಿ ನಿಂತುಬಿಡುತ್ತದೆ. ಕೋಡಿನ ಯಾವುದೋ ದಾರಿಯಲ್ಲಿ, ಬಹುಪಾಲು ತಪ್ಪು ಎದುರಾದಾಗ ಹೋಗುವ ದಾರಿಯಲ್ಲಿ, ಕನೆಕ್ಷನ್ ಮುಚ್ಚುವುದನ್ನು ಮರೆತಿರುತ್ತಾರೆ. ಒಂದೊಂದು ಸಲ ಆ ದಾರಿ ತುಳಿದಾಗಲೂ ಒಂದು ಕನೆಕ್ಷನ್ ಕಾಣೆ. ಐದು ನಿಮಿಷದ ಟೆಸ್ಟಿನಲ್ಲಿ ಇದು ಸಿಗುವುದೇ ಇಲ್ಲ, ಒಂದೆರಡು ಗಂಟೆಯಾದರೂ ಓಡಿಸಬೇಕು. ಹಿಕಾರಿಯಲ್ಲಿ ‘ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್’ ಇದಕ್ಕೆಂದೇ ಇದೆ. ಸಾಮಾನ್ಯವಾಗಿ ಅದು ಆಫ್ ಇರುತ್ತದೆ, ಕನಿಷ್ಠ 2000 ಮಿಲಿಸೆಕೆಂಡ್ ಕೊಡಬೇಕು. ಅಷ್ಟು ಹೊತ್ತಿನ ಮೇಲೂ ವಾಪಸ್ ಬರದ ಕನೆಕ್ಷನ್ನನ್ನು ಯಾವ ಕೋಡ್ ತೆಗೆದುಕೊಂಡು ಹೋಗಿತ್ತು ಅಂತ ಲಾಗಿನಲ್ಲಿ ಬರೆಯುತ್ತದೆ.

ಇನ್ನೊಂದು ಅಡ್ಡದಾರಿ ಹೇಳುತ್ತೇನೆ. ಸೋತ ಬೇಡಿಕೆಗಳ ಸಮಯ ನೋಡಿ. ಎಲ್ಲವೂ ಸರಿಯಾಗಿ 10 ಸೆಕೆಂಡಿನ ಹತ್ತಿರ ಸತ್ತಿದ್ದರೆ ಅದು ಜೆಮೀಟರ್ ಪೂಲಿನ ‘ಮ್ಯಾಕ್ಸ್ ವೇಟ್’. ನೀವು ಬದಲಿಸದಿದ್ದರೆ ಅದು 10000 ಮಿಲಿಸೆಕೆಂಡ್. ಸರಿಯಾಗಿ 30 ಸೆಕೆಂಡ್ ಆಗಿದ್ದರೆ ಹಿಕಾರಿಯ ‘ಕನೆಕ್ಷನ್ ಟೈಮ್‌ಔಟ್’. ಕೆಲಸ ಹೀಗೆ ದುಂಡಾಗಿ ಮುಗಿಯುವುದಿಲ್ಲ, ದುಂಡು ಅಂಕಿ ಕಂಡರೆ ಯಾರೋ ಇಟ್ಟ ಮಿತಿ ಅದು. ಯಾರ ಮಿತಿ ಅಂತ ಪತ್ತೆಯಾದರೆ ಸರತಿ ಯಾವ ಬಾಗಿಲಲ್ಲಿದೆ ಅಂತಲೂ ಗೊತ್ತಾಯಿತು.

ಡೇಟಾಬೇಸೇ ಬಾಗಿಲು ಹಾಕಿದರೆ

ಪೂಲ್ ದೊಡ್ಡದು ಮಾಡಿದ ಮರುಕ್ಷಣ ಈ ದೋಷ ಬರುತ್ತದೆ. ಪೋಸ್ಟ್‌ಗ್ರೆಸ್ ‘ಸಾರಿ, ಟೂ ಮೆನಿ ಕ್ಲೈಂಟ್ಸ್ ಆಲ್ರೆಡಿ’ ಅನ್ನುತ್ತದೆ. ಮೈಎಸ್‌ಕ್ಯುಎಲ್ 1040 ಅನ್ನುವ ನಂಬರಿನ ಜೊತೆ ‘ಟೂ ಮೆನಿ ಕನೆಕ್ಷನ್ಸ್’ ಅನ್ನುತ್ತದೆ.

ಪೋಸ್ಟ್‌ಗ್ರೆಸ್‌ನ ಮೂಲ ಮಿತಿ 100. ಅದರಲ್ಲಿ 3 ಸೂಪರ್‌ಯೂಸರಿಗೆ ಮೀಸಲು, ನಮಗೆ ಉಳಿಯುವುದು 97. ಮೈಎಸ್‌ಕ್ಯುಎಲ್‌ನ ಮೂಲ ಮಿತಿ 151, ಅಡ್ಮಿನ್‌ಗೆ ಮೇಲೊಂದು. ಈಗ ಗುಣಾಕಾರ ನೆನಪಿಸಿಕೊಳ್ಳಿ: ನಾಲ್ಕು ಪ್ರತಿ, ಒಂದೊಂದಕ್ಕೂ 30ರ ಪೂಲ್, ಒಟ್ಟು 120. ಲೋಡ್ ಜಾಸ್ತಿ ಆಗುವವರೆಗೂ ಇದು ತೆಪ್ಪಗಿರಬಹುದು, ಏಕೆಂದರೆ ಪೂಲುಗಳು ತುಂಬಿರುವುದಿಲ್ಲ. ಹೊಸ ಆವೃತ್ತಿ ಹಾಕುವಾಗ ಹಳೆಯ ಪ್ರತಿಗಳೂ ಹೊಸ ಪ್ರತಿಗಳೂ ಸ್ವಲ್ಪ ಹೊತ್ತು ಒಟ್ಟಿಗೆ ಇರುತ್ತವೆ, ಆಗ ಲೆಕ್ಕ ಇನ್ನೂ ಏರುತ್ತದೆ. ಮೈಎಸ್‌ಕ್ಯುಎಲ್‌ನಲ್ಲಿ ‘ಮ್ಯಾಕ್ಸ್ ಯೂಸ್ಡ್ ಕನೆಕ್ಷನ್ಸ್’ ನೋಡಿದರೆ ಸರ್ವರ್ ಶುರುವಾದಾಗಿನಿಂದ ಎಷ್ಟರವರೆಗೆ ಏರಿತ್ತು ಅಂತ ಸಿಗುತ್ತದೆ. ದೋಷ ಬಂದು ಹೋದ ಮೇಲೆ ಹುಡುಕುವವರಿಗೆ ಇದು ವರ.

ಮಿತಿಯನ್ನು 1000ಕ್ಕೆ ಏರಿಸಿ ಕೈತೊಳೆದುಕೊಳ್ಳುವ ಆಸೆ ಬರುತ್ತದೆ. ಬೇಡ. ಪೋಸ್ಟ್‌ಗ್ರೆಸ್‌ನಲ್ಲಿ ಒಂದೊಂದು ಕನೆಕ್ಷನ್ನೂ ಒಂದೊಂದು ಪ್ರೋಸೆಸ್. ಇದನ್ನು ಬದಲಿಸಲು ಸರ್ವರನ್ನೇ ರೀಸ್ಟಾರ್ಟ್ ಮಾಡಬೇಕು ಅನ್ನುವುದೂ ನೆನಪಿರಲಿ. ಕೋರ್‌ಗಳು 8 ಇದ್ದಾಗ 500 ಕ್ವೆರಿಗಳನ್ನು ಒಟ್ಟಿಗೆ ಒಳಗೆ ಬಿಟ್ಟರೆ ಹೊರಗಿನ ಸರತಿ ಒಳಗೆ ಬಂತು ಅಷ್ಟೇ. ಹೊರಗಿದ್ದಾಗ ಅದು ಶಿಸ್ತಾಗಿ ನಿಂತಿತ್ತು, ಒಳಗೆ ಬಂದು ಒಬ್ಬರನ್ನೊಬ್ಬರು ತಳ್ಳುತ್ತದೆ.

ಸರಿಯಾದ ಗಾತ್ರ ಹುಡುಕಲು ನಾನು ಹೀಗೆ ಮಾಡುತ್ತೇನೆ. ಪೂಲನ್ನು 10, 20, 40 ಅಂತ ಏರಿಸುತ್ತಾ ಹೋಗುತ್ತೇನೆ. ಬೇರೆ ಏನನ್ನೂ ಮುಟ್ಟುವುದಿಲ್ಲ. ಒಟ್ಟು ಸಮಯದಿಂದ ಕನೆಕ್ಟ್ ಸಮಯ ಕಳೆದು ಉಳಿದದ್ದನ್ನು ನೋಡುತ್ತೇನೆ. ಅದು 40 ಮಿಲಿಸೆಕೆಂಡಿನ ಆಸುಪಾಸಿನಲ್ಲೇ ಇರುವವರೆಗೂ ಏರಿಸಬಹುದು. ಯಾವ ಹಂತದಲ್ಲಿ ಅದು 50, 60 ಅಂತ ಏರತೊಡಗಿತೋ ಅಲ್ಲಿಂದ ಒಂದು ಹೆಜ್ಜೆ ಹಿಂದೆ ಬಂದು ನಿಲ್ಲುತ್ತೇನೆ.

ಪೋಸ್ಟ್‌ಗ್ರೆಸ್ ಮುಂದೆ ಪಿಜಿಬೌನ್ಸರ್ (ಕನೆಕ್ಷನ್‌ಗಳನ್ನು ಹಂಚುವ ಮಧ್ಯವರ್ತಿ) ಇಟ್ಟಿದ್ದರೆ ಒಂದು ವಿಚಿತ್ರ ದೋಷ ಎದುರಾಗಬಹುದು. ಅದೇ ಕ್ವೆರಿ ಮೊದಲ ನಾಲ್ಕು ಸಲ ಸರಿ, ಆಮೇಲೆ ‘ಪ್ರಿಪೇರ್ಡ್ ಸ್ಟೇಟ್‌ಮೆಂಟ್’ ಇಲ್ಲ ಅಂತ ತಪ್ಪು. ಭೂತ ಹಿಡಿದಂತೆ ಅನ್ನಿಸುತ್ತದೆ. ವಿಷಯ ಇಷ್ಟೇ: ಪೋಸ್ಟ್‌ಗ್ರೆಸ್‌ನ ಜೆಡಿಬಿಸಿ ಡ್ರೈವರ್ ಒಂದು ಕ್ವೆರಿಯನ್ನು ಐದನೇ ಸಲದಿಂದ ಸರ್ವರಿನಲ್ಲೇ ಹೆಸರಿಟ್ಟು ಇಡುತ್ತದೆ. ಪಿಜಿಬೌನ್ಸರ್ ಟ್ರಾನ್ಸಾಕ್ಷನ್ ಮೋಡಿನಲ್ಲಿದ್ದರೆ ಮುಂದಿನ ಸಲ ನಿಮಗೆ ಸಿಗುವುದು ಬೇರೆ ಸರ್ವರ್ ಕನೆಕ್ಷನ್, ಅಲ್ಲಿ ಆ ಹೆಸರಿಲ್ಲ. ಡ್ರೈವರಿನ ‘ಪ್ರಿಪೇರ್ ಥ್ರೆಶೋಲ್ಡ್’ ಅನ್ನು 0 ಮಾಡಿ, ಇಲ್ಲವೇ 2023ರಲ್ಲಿ ಬಂದ ಪಿಜಿಬೌನ್ಸರ್ 1.21 ಅಥವಾ ಅದಕ್ಕಿಂತ ಹೊಸದನ್ನು ಹಾಕಿ, ಅದರಲ್ಲಿ ಇದಕ್ಕೆ ಬೆಂಬಲ ಇದೆ. ಬದಲಾದ ಸೆಟ್ಟಿಂಗಿನಲ್ಲಿ ಹಳೆಯ ಅಂಕಿಗಳನ್ನು ಹೋಲಿಸಬೇಡಿ.

ಸ್ವಲ್ಪ ಹೊತ್ತು ಬಿಟ್ಟು ಓಡಿಸಿದರೆ ಸಾಯುವ ಕನೆಕ್ಷನ್

ಒಂದು ಸುತ್ತು ಓಡಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಓಡಿಸಿದರೆ ಮೊದಲ ಕೆಲವು ಕ್ವೆರಿಗಳು ಸಾಯುತ್ತವೆ, ಇಲ್ಲವೇ ಬಹಳ ಹೊತ್ತು ನೇತಾಡುತ್ತವೆ. ಆಮೇಲೆ ಎಲ್ಲ ಸರಿ. ನಡುವೆ ಇರುವ ಫೈರ್‌ವಾಲ್ ಸುಮ್ಮನೆ ಕೂತ ಕನೆಕ್ಷನ್ನನ್ನು ಎರಡೂ ಕಡೆಗೆ ಹೇಳದೆ ಮರೆತುಬಿಟ್ಟಿದೆ. ಪೂಲ್ ಮಾತ್ರ ಅದು ಬದುಕಿದೆ ಅಂದುಕೊಂಡಿದೆ. ಅಮೆಜಾನಿನ ಕ್ಲೌಡ್ ಎಡಬ್ಲ್ಯುಎಸ್‌ನ ನ್ಯಾಟ್ ಗೇಟ್‌ವೇ 350 ಸೆಕೆಂಡ್ ಸದ್ದಿಲ್ಲದಿದ್ದರೆ ಕೈಬಿಡುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಮೊದಲ ಸಲ ತಟ್ಟಿ ನೋಡುವುದು 7200 ಸೆಕೆಂಡ್ ಆದ ಮೇಲೆ. ಎರಡು ಗಂಟೆ! ಅಷ್ಟರಲ್ಲಿ ಕಥೆ ಮುಗಿದಿರುತ್ತದೆ. ಮೈಎಸ್‌ಕ್ಯುಎಲ್ ತಾನಾಗಿ ಕೈಬಿಡುವುದು 28800 ಸೆಕೆಂಡಿಗೆ, ಅಂದರೆ ಎಂಟು ಗಂಟೆಗೆ. ರಾತ್ರಿ ಬಿಟ್ಟು ಹೋಗಿ ಬೆಳಗ್ಗೆ ಬಂದರೆ ‘ಕಮ್ಯುನಿಕೇಶನ್ಸ್ ಲಿಂಕ್ ಫೇಲ್ಯೂರ್’ ಸ್ವಾಗತಿಸುವುದು ಇದರಿಂದ.

ಪೂಲಿನ ‘ಮ್ಯಾಕ್ಸ್ ಲೈಫ್‌ಟೈಮ್’ (ಒಂದು ಕನೆಕ್ಷನ್ ಹೆಚ್ಚೆಂದರೆ ಬದುಕುವ ಸಮಯ) ಈ ದಾರಿಯಲ್ಲಿರುವ ಮಿತಿಗಳಿಗಿಂತ ಸ್ವಲ್ಪ ಕಡಿಮೆ ಇರಲಿ. ಹಿಕಾರಿಯಲ್ಲಿ ಅದು 30 ನಿಮಿಷ ಇರುತ್ತದೆ. 350 ಸೆಕೆಂಡಿನ ಮುಂದೆ ಅದು ಸಾಲದು, ಆಗ ಕೀಪ್‌ಅಲೈವ್ ಬೇಕು. ಪ್ರತಿ ಸಲ ಕನೆಕ್ಷನ್ ಕೊಡುವ ಮುಂಚೆ ಪರೀಕ್ಷಾ ಕ್ವೆರಿ ಓಡಿಸುವ ಪದ್ಧತಿಯೂ ಇದೆ. ಅದು ಪ್ರತಿ ಅಳತೆಗೂ ಒಂದು ಸುತ್ತಿನ ಪ್ರಯಾಣ ಸೇರಿಸುತ್ತದೆ. ಲೋಡ್ ಟೆಸ್ಟಿನಲ್ಲಿ ನಾನು ಅದನ್ನು ಹಾಕುವುದಿಲ್ಲ. ಸುಮ್ಮನೆ ಕೂತಿರುವಾಗ ಮಾತ್ರ ಪರೀಕ್ಷಿಸಲಿ.

ಪೂಲೇ ಇಲ್ಲದೆ ಪ್ರತಿ ಬೇಡಿಕೆಗೂ ಹೊಸ ಕನೆಕ್ಷನ್ ತೆರೆದು ಮುಚ್ಚುವ ಕೋಡ್ ಇದ್ದರೆ ಬೇರೊಂದು ಗೋಡೆ ಸಿಗುತ್ತದೆ. ಮುಚ್ಚಿದ ಕನೆಕ್ಷನ್ನಿನ ಪೋರ್ಟ್ ಲಿನಕ್ಸ್‌ನಲ್ಲಿ 60 ಸೆಕೆಂಡ್ ‘ಟೈಮ್ ವೇಟ್’ ಸ್ಥಿತಿಯಲ್ಲಿ ಉಳಿಯುತ್ತದೆ. ಹೊರಹೋಗಲು ಸಾಮಾನ್ಯವಾಗಿ ಸಿಗುವ ಪೋರ್ಟ್‌ಗಳು 32768ರಿಂದ 60999ರವರೆಗೆ, ಒಟ್ಟು 28232. ಭಾಗಿಸಿ ನೋಡಿ: ಒಂದೇ ಡೇಟಾಬೇಸ್ ವಿಳಾಸಕ್ಕೆ ಸೆಕೆಂಡಿಗೆ ಸುಮಾರು 470. ಅದಕ್ಕಿಂತ ಜಾಸ್ತಿ ಹೋದರೆ ಮೊದಲು ಸ್ವಲ್ಪ ಹೊತ್ತು ಚೆನ್ನಾಗಿ ಓಡಿ, ಆಮೇಲೆ ‘ಕೆನಾಟ್ ಅಸೈನ್ ರಿಕ್ವೆಸ್ಟೆಡ್ ಅಡ್ರೆಸ್’ ಅನ್ನುವ ಸಂದೇಶಗಳ ಮಳೆ.

ಮಾನಿಟರಿಂಗಿಗೂ ಒಂದು ಕನೆಕ್ಷನ್ ಬೇಕು

ಡೇಟಾಬೇಸ್ ತುಂಬಿ ಬಾಗಿಲು ಹಾಕಿದ ಹೊತ್ತಿನಲ್ಲೇ ಮಾನಿಟರಿಂಗ್ ಗ್ರಾಫಿನಲ್ಲಿ ಖಾಲಿ ಜಾಗ. ಕಾರಣ ಸರಳ: ಅದೂ ಹೊರಗೇ ನಿಂತಿತ್ತು. ಅದಕ್ಕೆ ಬೇರೆ ಯೂಸರ್, ಪೂಲಿನ ಹೊರಗೆ ತನ್ನದೇ ಒಂದೆರಡು ಕನೆಕ್ಷನ್ ಕೊಡಿ. ಅದು ಒಂದೇ ಕನೆಕ್ಷನ್ನನ್ನು ಹಿಡಿದುಕೊಂಡು ಕೂತಿರಲಿ, ಪ್ರತಿ ಸಲ ಹೊಸದು ತೆರೆಯುವುದು ಬೇಡ. ಪೋಸ್ಟ್‌ಗ್ರೆಸ್ 10ರಿಂದ ‘ಪಿಜಿ ಮಾನಿಟರ್’ ಅನ್ನುವ ಪಾತ್ರ ಸಿದ್ಧವಾಗಿಯೇ ಇದೆ, ಸೂಪರ್‌ಯೂಸರ್ ಹಕ್ಕು ಕೊಡಬೇಕಿಲ್ಲ. ಜೊತೆಗೆ ಆ ಯೂಸರಿಗೆ ಇಷ್ಟೇ ಕನೆಕ್ಷನ್ ಅಂತ ಮಿತಿಯನ್ನೂ ಹಾಕಿ, ಇಲ್ಲದಿದ್ದರೆ ಸಿಕ್ಕಿಕೊಂಡ ಮಾನಿಟರೇ ಜಾಗ ತಿನ್ನುತ್ತದೆ. ಟೆಸ್ಟ್, ಅಪ್ಲಿಕೇಶನ್, ಮಾನಿಟರ್ ಮೂರಕ್ಕೂ ಬೇರೆ ಬೇರೆ ‘ಅಪ್ಲಿಕೇಶನ್ ನೇಮ್’ ಕೊಟ್ಟರೆ ಯಾರು ಎಷ್ಟು ಹಿಡಿದಿದ್ದಾರೆ ಅಂತ ಒಂದೇ ನೋಟಕ್ಕೆ ಸಿಗುತ್ತದೆ.

ಬೇರೆ ಯೂಸರ್ ಯಾಕೆ ಅನ್ನುವವರಿಗೆ ಒಂದು ಘಟನೆ. ಒಮ್ಮೆ ಒರಾಕಲ್ ಟೆಸ್ಟ್ ಸರ್ವರಿನಲ್ಲಿ ಅಪ್ಲಿಕೇಶನ್ ಖಾತೆಯ ಪಾಸ್‌ವರ್ಡ್ ಬದಲಿಸಿದೆವು. ಮಾನಿಟರಿಂಗೂ ಅದೇ ಖಾತೆ ಬಳಸುತ್ತಿತ್ತು, ಅಲ್ಲಿ ಬದಲಿಸಲು ಮರೆತೆವು. ಅದು ಹಳೆಯ ಪಾಸ್‌ವರ್ಡನ್ನೇ ಹಿಡಿದು ತಟ್ಟುತ್ತಲೇ ಇತ್ತು. ಡೀಫಾಲ್ಟ್ ಪ್ರೊಫೈಲಿನಲ್ಲಿ 10 ಸಲ ತಪ್ಪಾದರೆ ಖಾತೆ ಲಾಕ್. ಟೆಸ್ಟ್ ನಡುವೆ 28000 ಅನ್ನುವ ದೋಷ ಬಂತು. ನಾವು ಅನ್‌ಲಾಕ್ ಮಾಡುತ್ತಿದ್ದೆವು, ಅದು ಮತ್ತೆ ಲಾಕ್ ಮಾಡಿಸುತ್ತಿತ್ತು. ಮಧ್ಯಾಹ್ನವೆಲ್ಲ ಇದೇ ಆಟ.

ಅಳೆಯುವ ಅಂತರವೂ ಮುಖ್ಯ. ಮಾನಿಟರಿಂಗ್ ಸಾಧನ ಪ್ರೊಮೀಥಿಯಸ್ ತಾನಾಗಿ ನಿಮಿಷಕ್ಕೊಮ್ಮೆ ಅಂಕಿ ತೆಗೆಯುತ್ತದೆ. 20 ಸೆಕೆಂಡ್ ಮಾತ್ರ ಇದ್ದ ಸರತಿ ಎರಡು ಅಳತೆಗಳ ನಡುವೆ ಬಂದು ಹೋಗಿಬಿಡುತ್ತದೆ. ಟೆಸ್ಟ್ ಸಮಯದಲ್ಲಿ ಅದನ್ನು 5 ಸೆಕೆಂಡಿಗೆ ಇಳಿಸಿ. ಆದರೆ ಆಗ ಮಾನಿಟರ್ ಓಡಿಸುವ ಕ್ವೆರಿಗಳನ್ನೂ ನೋಡಿ. ದೊಡ್ಡ ಟೇಬಲ್ಲಿನ ಸಾಲುಗಳನ್ನು ಪೂರ್ತಿ ಎಣಿಸುವ ಒಂದು ಕ್ವೆರಿ ಅಲ್ಲಿದ್ದರೆ ಸಾಕು, ಐದು ಸೆಕೆಂಡಿಗೊಮ್ಮೆ ಅದೇ ಲೋಡ್ ಆಗುತ್ತದೆ. ಅನುಮಾನ ಬಂದರೆ ಮಾನಿಟರಿಂಗ್ ಆರಿಸಿ ಒಂದು ಸುತ್ತು ಓಡಿಸಿ ಹೋಲಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ಕ್ವೆರಿಗಳ ಅಂಕಿ ಕೂಡಿಡುವ ‘ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್’ ಬಳಸುತ್ತಿದ್ದರೆ ಪ್ರತಿ ಸುತ್ತಿನ ಮುಂಚೆ ಅದನ್ನು ರೀಸೆಟ್ ಮಾಡಿ, ಇಲ್ಲದಿದ್ದರೆ ನಿನ್ನೆಯ ಅಂಕಿಗಳು ಇವತ್ತಿನದಕ್ಕೆ ಬೆರೆಯುತ್ತವೆ.

ಅಂದ ಹಾಗೆ, ಆ ಎರಡು ದಿನದಲ್ಲಿ ನಾನು ಹಾಕಿದ ಇಂಡೆಕ್ಸ್‌ಗಳು. ಪೂಲನ್ನು 40 ಮಾಡಿದ ಮೇಲೆ ಅವು ಯಾವ ಕ್ವೆರಿಗೂ ಬೇಕಾಗಿರಲಿಲ್ಲ, ಇನ್ಸರ್ಟ್‌ಗಳಿಗೆ ಮಾತ್ರ ಭಾರವಾಗಿದ್ದವು. ಒಂದೊಂದಾಗಿ ತೆಗೆದೆ.